ಬೂದಿರಾಣಿಯ ಬಾಗಿಲಾಚೆಯ ಬೆಂಚು

ವಿಶಾಲವಾದ ಒಂದು ಸಭಾಂಗಣ. ಕಪ್ಪು ಕಲ್ಲಿನ ಕಂಬಗಳು ಎರಡು ಸಾಲಾಗಿ ನಿಂತು, ಮೇಲೆ ಮೇಲೆ ಹೋಗುತ್ತ ಕತ್ತಲೆಯಲ್ಲಿ ಕರಗಿವೆ. ಅದಕ್ಕೆ ಛಾವಣಿ ಇದೆಯೋ ಇಲ್ಲವೋ ಹೇಳಲಾಗದು. ಆ ಕತ್ತಲೆಯಿಂದ ಬೂದಿ ಉದುರುತ್ತಿದೆ. ಉದುರುವುದರಲ್ಲಿ ಅವಸರವಿಲ್ಲ, ಒಂದೊಂದು ಚೂರೂ ತನ್ನ ಪಾಡಿಗೆ ತಾನು ಇಳಿದು, ನೆಲ ಇನ್ನು ಗೇಣಷ್ಟಿದೆ ಎನ್ನುವಾಗ ಇಲ್ಲವಾಗುತ್ತದೆ, ಹಾಗಾಗಿ ಎಷ್ಟು ವರ್ಷ ಉದುರಿದರೂ ನೆಲ ಬರಿದಾಗಿಯೇ ಉಳಿದಿದೆ. ತುದಿಯಲ್ಲಿ ಮೆಟ್ಟಿಲುಗಳು, ಮೆಟ್ಟಿಲುಗಳ ಮೇಲೆ ಸಿಂಹಾಸನ, ಸಿಂಹಾಸನದಲ್ಲಿ ಬೂದಿರಾಣಿ. ಅವಳ ಒಂದು ಕೈ ಗಲ್ಲದ ಮೇಲಿದೆ. ಮುಖದಲ್ಲಿ ಗೆಲುವಿನ ಗುರುತಿಲ್ಲ. ಯಾರೋ ಬಂದು ಹೋದರು ಎಂಬಷ್ಟು ಮಾತ್ರ ಇದೆ. ಕೆಳಗೆ ಒಂಬತ್ತು ಹೆಣಗಳು. ಒಬ್ಬಳ ಕತ್ತಿ ಅವಳ ಬೆರಳುಗಳಿಂದ ಮೊಳ ದೂರ ಬಿದ್ದಿದೆ. ಬಿಳಿ ನಿಲುವಂಗಿಯ ವೈದ್ಯನೊಬ್ಬ ಕಂಬಕ್ಕೆ ತಲೆಕೊಟ್ಟು ನಿದ್ದೆ ಹೋದಂತಿದ್ದಾನೆ. ಮೊದಲ ಮೆಟ್ಟಿಲಿಗೆ ಹಣೆ ಹಚ್ಚಿ ಬೋರಲು ಬಿದ್ದ ಯೋಧನ ಬೆನ್ನ ಮೇಲೆ ಅವನದೇ ಢಾಲು ಮುಚ್ಚಿಕೊಂಡಿದೆ, ಮಗುವಿಗೆ ಹೊದಿಸಿದ ಹಾಗೆ. ಯಾರೂ ಅಲುಗುತ್ತಿಲ್ಲ. ಈ ಎಲ್ಲದರ ಮೇಲೆ, ಪರದೆಯ ಗಾಜಿನಲ್ಲಿ, ಕನ್ನಡಕದ ಮುದುಕನೊಬ್ಬನ ಮುಖ ತೆಳ್ಳಗೆ ಮೂಡಿದೆ. ಬೂದಿ ಆ ಮುಖದೊಳಗೂ ಉದುರುತ್ತಿದೆ.

"ಹಾಜರಿ ತಗೋತೀನಿ," ಎಂದಿತು ಹೆಡ್‌ಫೋನಿನಿಂದ ಬಂದ ಕಿವಿಯೊಳಗಿನ ದನಿ. ಅದು ಗೇತಾನ್, ಕ್ವಿಬೆಕ್‌ನ ನದಿಯೂರೊಂದರಲ್ಲಿ ಚರ್ಚುಗಳ ಆರ್ಗನ್ ರಿಪೇರಿ ಮಾಡುವವನು, ಈ ಆಟದಲ್ಲಿ ಬಿಳಿ ನಿಲುವಂಗಿಯ ವೈದ್ಯ. "ಸತ್ತವರೆಲ್ಲ ಕೈ ಎತ್ತಿ. ಎಲ್ಲರೂನಾ? ಪರವಾಗಿಲ್ಲ, ಇವತ್ತು ಯಾರೂ ಚಕ್ಕರ್ ಹೊಡೆದಿಲ್ಲ."

"ನನಗಿಂತ ಮುಂಚೆ ನೀನೇ ಸತ್ತೆ, ಡಾಕ್ಟ್ರೇ," ಎಂದ ಮೆಂಫಿಸ್‌ನ ಓಟಿಸ್. "ಫೀಸು ವಾಪಸ್ ಕೊಡು."

ಎಸ್ಕೊ ಲಹ್ತೆಲ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಮೆಟ್ಟಿಲಿಗೆ ಹಣೆ ಹಚ್ಚಿ ಬಿದ್ದಿದ್ದ ಯೋಧ ಅವನದು. "ನಾನು ತಿರುಗಿದ್ದೆ," ಎಂದ. "ಗಂಟೆ ಹೊಡೆಯೋಕ್ಕೆ ಮುಂಚೇನೇ ತಿರುಗಿದ್ದೆ. ಕಂಪನಿಯವರ ಮಷೀನುಗಳು ಮುದಿಯಾಗಿವೆ. ನಾನು ಇಲ್ಲಿ ಒತ್ತಿದ್ದು ಅಲ್ಲಿ ಮುಟ್ಟೋದ್ರೊಳಗೆ ರಾಣಿ ಬಿರುಗಾಳಿ ಊದಿಬಿಟ್ಟಿರ್ತಾಳೆ."

ಒಂಬತ್ತು ಊರುಗಳ ಒಂಬತ್ತು ಕೋಣೆಗಳಿಂದ ಬಂದು ಸೇರುತ್ತಿದ್ದ ಉಸಿರು ಮಾತ್ರ ಕೇಳಿಸುತ್ತಿತ್ತು. ಅಲ್ಲ, ಎಂಟು ಕೋಣೆ. ಡೋರೀನ್ ಹ್ರಿಶ್ಕೊ ಇದೇ ಮೇಜಿನ ಆ ತುದಿಯಲ್ಲಿ, ತನ್ನ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಎರಡು ಬೀದಿ ಆಚೆ ಅವಳ ಮನೆ. ಅಲ್ಲಿನ ಇಂಟರ್ನೆಟ್ ನಂಬುವಂಥದ್ದಲ್ಲವೆಂದು ಭಾನುವಾರದ ಮಧ್ಯಾಹ್ನಗಳಲ್ಲಿ ಗುಲಾಬಿ ಸಕ್ಕರೆ ಬಳಿದ ಬನ್ನುಗಳ ಡಬ್ಬ ಹಿಡಿದು ಅವನ ನೆಲಮಾಳಿಗೆಗೆ ಇಳಿದು ಬರುತ್ತಿದ್ದಳು. ಈಗ ಅವಳು ಬನ್ನಿನ ತುಂಡು ಮುರಿಯುತ್ತಿದ್ದಳು, ಬೇಕಾದ್ದಕ್ಕಿಂತ ನಿಧಾನವಾಗಿ. ಆ ಮೌನ ಎಸ್ಕೊನಿಗೆ ಗೊತ್ತು. ಊಟದ ಮೇಜಿನಲ್ಲಿ ಹಿರಿಯರು ಸಾರು ಚೆಲ್ಲಿಕೊಂಡಾಗ ಉಳಿದವರು ಕಿಟಕಿಯಾಚೆ ನೋಡುವ ಮೌನ ಅದು. ಕಳೆದ ಬೇಸಿಗೆಯಿಂದ ಅವರೆಲ್ಲ ಕಿಟಕಿಯಾಚೆ ನೋಡುತ್ತಿದ್ದರು, ಅವನು ಮಷೀನುಗಳನ್ನು ಬೈಯುತ್ತಿದ್ದ.

ಬೈಯಲು ಕಾರಣಗಳಿಗೇನೂ ಕೊರತೆಯಿರಲಿಲ್ಲ. ಆಶ್‌ಮಿಯರ್ ಎಂಬ ಈ ಆಟಕ್ಕೆ ಈಗ ವಯಸ್ಸಾಗಿತ್ತು. ಅದರ ಕಾಡುಗಳಲ್ಲಿ ಒಂದು ಕಾಲಕ್ಕೆ ಜಾತ್ರೆಯಂತೆ ಜನ. ಈಗ ದಿನವಿಡೀ ಕುದುರೆ ಓಡಿಸಿದರೂ ಎದುರಿಗೆ ಒಬ್ಬ ಸಿಕ್ಕರೆ ಹೆಚ್ಚು. ಎಲ್ಲ ಮುಗಿಸಿದವರಿಗೆ ಉಳಿಯುವುದು ಕೊನೆಯ ಈ ಸಭಾಂಗಣ, ಈ ರಾಣಿ. ಅವಳಾಚೆಗೆ ಆಟ ಮಾಡಿದವರು ಆರು ವರ್ಷದಿಂದ ಒಂದು ಬಾಗಿಲನ್ನೂ ಕಟ್ಟಿರಲಿಲ್ಲ. ಆಟದ ಬೊಂಬೆಗಳಿಗೆ ಬಣ್ಣಬಣ್ಣದ ಟೋಪಿ ಮಾರುತ್ತ ಕೂತಿದ್ದರು. ನಲವತ್ತು ಜನರಿಗೆಂದು ಮಾಡಿದ ರಾಣಿಯನ್ನು ಒಂಬತ್ತು ಜನ ಕೆಳಗಿಳಿಸಬೇಕು. ಆಗುತ್ತಿರಲಿಲ್ಲ, ಆದರೆ ಆಗುವುದರ ತೀರ ಹತ್ತಿರಕ್ಕೆ ಬರುತ್ತಿತ್ತು, ಪ್ರತಿ ಸಲವೂ, ಮುಂಗೈ ಕಚ್ಚಿಕೊಳ್ಳುವಷ್ಟು ಹತ್ತಿರಕ್ಕೆ. ಆಟಗಾರರು ಬರೆದುಕೊಳ್ಳುವ ಆನ್‌ಲೈನ್ ಚಾವಡಿಯಲ್ಲಿ ವರ್ಷಗಟ್ಟಲೆ ಜಗಳ ನಡೆದಿತ್ತು. ರಾಣಿಯನ್ನು ಮೆತ್ತಗೆ ಮಾಡಿ ಎಂದು ಕೆಲವರು, ಹೊಸದೊಂದು ಕಟ್ಟಿ ಎಂದು ಕೆಲವರು. ಹಳೆಯವಳನ್ನು ಹಳೆಯ ಬಲದಲ್ಲೇ ಬಿಟ್ಟು ಹೊಸದನ್ನು ಕಟ್ಟಿ ಎಂದು ಎಸ್ಕೊ, ಉದ್ದುದ್ದ, ಕಾಗುಣಿತ ನೋಡಿಕೊಂಡು ಬರೆದಿದ್ದ. ಕಂಪನಿಯವರು ಸೋತರು, ಅಥವಾ ಸೋಮಾರಿಗಳಾದರು. ಬರುವ ಮಂಗಳವಾರದಿಂದ ರಾಣಿಯ ಬಲ ಅರ್ಧಕ್ಕಿಳಿಯುತ್ತದೆ. ಆಮೇಲೆ ಅವಳನ್ನು ಯಾರು ಬೇಕಾದರೂ ಕೊಲ್ಲಬಹುದು. ಅವಳು ಅವಳಾಗಿಯೇ ಇರುವ ಕೊನೆಯ ಭಾನುವಾರ ಇದು. ಬೆಳಿಗ್ಗೆ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟಕ್ಕೆಂದು ಬೂಟು ಹಾಕಿಕೊಳ್ಳುತ್ತ ಅವನ ಹೆಂಡತಿ ಇರ್ಯಾ ಹೇಳಿದ್ದಳು: "ಇವತ್ತಾದ್ರೂ ಆ ಇನ್ನೊಬ್ಬಳನ್ನ ಮುಗಿಸು ಮಾರಾಯ. ಇಬ್ಬರ ಸಂಸಾರ ನಿನ್ನ ಕೈಲಿ ಆಗ್ತಿಲ್ಲ." ಅವನು ನಕ್ಕಿದ್ದ. ಅವಳು ಹೋದ ಮೇಲೆ ಏಲಕ್ಕಿ ಬ್ರೆಡ್ಡಿನ ಚೂರುಗಳನ್ನು ಮೇಜಿನಿಂದ ಅಂಗೈಗೆ ಗುಡಿಸಿಕೊಳ್ಳುವಾಗ ಎಡಗೈಯ ಕಿರುಬೆರಳು ತನ್ನಷ್ಟಕ್ಕೆ ಮಿಡಿದದ್ದನ್ನು ಕಂಡು, ಅದನ್ನು ಕಂಡಿದ್ದಕ್ಕೆ ಬೇಸರಪಟ್ಟಿದ್ದ.

"ಏಳಿ," ಎಂದ. "ಇನ್ನೊಂದು ಸಲ."

ಹೆಣಗಳು ಎದ್ದವು. ಒಂಬತ್ತೂ ಜನ ಬಾಗಿಲಾಚೆಯ ಅಂಗಳದಲ್ಲಿ ಮತ್ತೆ ಮೂಡಿ, ಕೋಟು ಕೊಡವಿಕೊಂಡವರ ಹಾಗೆ ಒಂದೆರಡು ಹೆಜ್ಜೆ ಆಚೆ ಈಚೆ ಅಡ್ಡಾಡಿದರು. ಅಂಗಳದಲ್ಲಿ ಒಣಗಿದ ಕಾರಂಜಿ, ಕಾರಂಜಿಯ ಪಕ್ಕ ಒಂದು ಕಲ್ಲಿನ ಬೆಂಚು. ಎಸ್ಕೊ ಆ ಬೆಂಚಿನ ಕಡೆ ನೋಡದೆ ನಡೆಯುವುದನ್ನು ರೂಢಿ ಮಾಡಿಕೊಂಡಿದ್ದ. ಅದನ್ನು ಕಲ್ಲಿನಿಂದ ಮಾಡಿದವರು ಯಾರೋ, ಶಿಕ್ಷೆಯ ಬೆಂಚಾಗಿ ಮಾಡಿದವನು ಅವನು. ತಂಡದಲ್ಲಿ ನಲವತ್ತು ಜನರಿದ್ದ ಕಾಲದಲ್ಲಿ ಅವನೇ ಹಾಕಿದ ಕಟ್ಟಳೆ: ಒಂದೇ ದಿನ, ಒಂದೇ ಜಾಗದಲ್ಲಿ, ತನ್ನ ತಪ್ಪಿನಿಂದ ಎರಡು ಸಲ ತಂಡವನ್ನು ಬೀಳಿಸಿದವರು ತಾವಾಗಿಯೇ ಹೊರಗೆ ಬಂದು ಆ ಬೆಂಚಿನ ಮೇಲೆ ಕೂರಬೇಕು. ವಾದವಿಲ್ಲ, ಸಮಾಧಾನವಿಲ್ಲ, ಕೂತವರು ಬಾಯಿ ಬಿಡುವಂತಿಲ್ಲ. ಕಾಳಗ ಶುರುವಾದೊಡನೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಹೊರಗಿದ್ದವರಿಗೆ ಗೆಲುವಿನಲ್ಲಿ ಪಾಲಿಲ್ಲ. ಮಂಜುಗಡ್ಡೆಯ ಮೇಲೆ ಹಾಕಿ ಆಡುವ ಊರಲ್ಲಿ ಹುಟ್ಟಿದವನಿಗೆ, ಆಟದಿಂದ ಇಳಿಸಿದವರು ಕೂರುವ ಬೆಂಚು ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಹದಿನಾಲ್ಕರ ಹುಡುಗನಾಗಿ ಅವನು ಗೋಲು ಕಾಯುತ್ತಿದ್ದ, ಫೈನಲ್ ಆಟದ ನಡುವೆ ಕೋಚು ಅವನನ್ನು ಕರೆದು ಬೆಂಚಿನ ಮೇಲೆ ಕೂರಿಸಿದ್ದ, ಮನೆಗೆ ಹೋಗುವಾಗ ಟ್ರಕ್ಕಿನಲ್ಲಿ ಅಪ್ಪ ಒಂದು ಮಾತೂ ಆಡಿರಲಿಲ್ಲ. ವೈಪರು ಮಾತ್ರ ಗಾಜಿನ ಮೇಲೆ ಆಚೆ ಈಚೆ ಮಾಡುತ್ತಿತ್ತು, ಹಿಮ ನಿಂತ ಮೇಲೂ. ಸಸ್ಕಾಚುವಾನಿನ ವರ್ನಾ ಎಂಬ ಹೆಂಗಸು, ಎಲ್ಲರ ಹುಟ್ಟುಹಬ್ಬ ನೆನಪಿಟ್ಟುಕೊಳ್ಳುತ್ತಿದ್ದವಳು, ಒಂದು ದಿನ ಎರಡು ಸಲ ತಪ್ಪಿದಾಗ ಅವನು ಹೇಳಿದ್ದು ಒಂದೇ ಪದ: "ಬೆಂಚು." ಅವಳು ಹೋಗಿ ಕೂತಳು. ಒಳಗೆ ಅವರು ಮತ್ತೆ ಸೋತು ಹೊರಗೆ ಬಂದಾಗಲೂ ಕೂತೇ ಇದ್ದಳು. ಬೊಂಬೆ ಇತ್ತು, ಆಡಿಸುವವಳು ಎದ್ದು ಹೋಗಿದ್ದಳು. ಸ್ವಲ್ಪ ಹೊತ್ತಿಗೆ ಬೊಂಬೆಯೂ ಮಸುಕಾಗಿ ಮಾಯವಾಯಿತು. ಮತ್ತೆ ಬರಲಿಲ್ಲ. ಆದರೂ ಕಟ್ಟಳೆ ಸರಿಯಿತ್ತು. ಅದರಿಂದಲೇ ತಂಡ ತಂಡವಾಗಿ ನಿಂತಿತ್ತು. ಬೇರೆಯವರು ಗೋಡೆಯ ಬಿರುಕಿನಲ್ಲಿ ನುಸುಳಿ, ರಾಣಿಯ ಕೈಗೆಟುಕದ ಅಟ್ಟ ಹುಡುಕಿ, ಕಳ್ಳದಾರಿಯಲ್ಲಿ ಅವಳನ್ನು ಕೊಂದಾಗ ಇವರು ಆ ಅಟ್ಟದ ಕಡೆ ತಲೆಯೆತ್ತಿ ಸಹ ನೋಡಿರಲಿಲ್ಲ. ನಾವು ಬಾಗಿಲಿನಿಂದ ಹೋಗುವವರು ಎಂದು ಎಸ್ಕೊ ಹೇಳುತ್ತಿದ್ದ. ಅದನ್ನು ನೆನೆದಾಗೆಲ್ಲ ಅವನ ಬೆನ್ನು ಕುರ್ಚಿಯಲ್ಲಿ ತಾನಾಗಿ ನೆಟ್ಟಗಾಗುತ್ತಿತ್ತು, ಈಗಲೂ ಆಯಿತು.

ಒಳಗೆ ಹೋದರು. ಬಾಗಿಲು ಮುಚ್ಚಿತು. ಎಸ್ಕೊನ ಯೋಧ ಮೆಟ್ಟಿಲೇರಿ ರಾಣಿಯ ಮುಖಕ್ಕೆ ಮುಖ ಕೊಟ್ಟು ನಿಂತ, ಅವಳು ಎದ್ದಳು. ಅವಳನ್ನು ಅವನು ಬಲ್ಲ. ಇಷ್ಟು ವರ್ಷಗಳಲ್ಲಿ ಹೆಂಡತಿಯ ಭುಜದ ಇಳಿಜಾರನ್ನೂ ಇಷ್ಟು ನೋಡಿರಲಾರ. ಬಲಗೈ ಎತ್ತಿದರೆ ಬೆಂಕಿ ಎಡಕ್ಕೆ, ಎಡಗೈ ಎತ್ತಿದರೆ ನೆಲ ಸೀಳುತ್ತದೆ, ತಲೆ ಬಾಗಿಸಿದರೆ ಏನೂ ಇಲ್ಲ, ಹೆದರಿಸುವುದಷ್ಟೇ. ಅವಳ ಆಯುಸ್ಸು ಅರ್ಧವಾಗಿ, ಅರ್ಧದ ಅರ್ಧವಾಗಿ, ಕೊನೆಯ ಚೂರಿಗೆ ಬಂದಾಗ ಅದು ಬರುತ್ತದೆ: ಸಭಾಂಗಣದಲ್ಲಿ ಉದುರುವ ಬೂದಿ ಕ್ಷಣಕಾಲ ಗಾಳಿಯಲ್ಲಿ ನಿಂತುಬಿಡುತ್ತದೆ, ಆಮೇಲೆ ಗಂಟೆ ಹೊಡೆಯುತ್ತದೆ, ಆಮೇಲೆ ಎಡಗಡೆಯಿಂದ ಬಿರುಗಾಳಿ. ಗಂಟೆ ಕೇಳಿ ತಿರುಗಿದರೆ ತಡವಾಯಿತು. ಬೂದಿ ನಿಂತೊಡನೆ ಢಾಲಿನವನು ಎಡಕ್ಕೆ ತಿರುಗಬೇಕು, ಅವನ ಢಾಲಿನ ನೆರಳಲ್ಲಿ ಉಳಿದವರು ಬದುಕುತ್ತಾರೆ. ಬಂದರಿನ ಧಾನ್ಯದ ಎಲಿವೇಟರಿನಲ್ಲಿ, ಹಡಗಿಗೆ ಧಾನ್ಯ ತುಂಬುವ ಎತ್ತರದ ಕಣಜದಲ್ಲಿ, ಅವನು ಮೂವತ್ತು ವರ್ಷ ದುಡಿದಿದ್ದ. ಹಡಗಿನ ಹೊಟ್ಟೆಗೆ ಗೋಧಿ ಸುರಿಯುವಾಗ ಅದು ತುಂಬುವ ಮುನ್ನ ಸದ್ದು ಒಂದು ಎಳೆ ತೆಳ್ಳಗಾಗುತ್ತದೆ. ಕೂಗುವವನು ಕೂಗುವ ಮೊದಲೇ ಅವನ ಕೈ ಸನ್ನೆಗೋಲಿನ ಮೇಲಿರುತ್ತಿತ್ತು. ಧೂಳು ಹೀಗೆಯೇ, ಬೆಳಕಿನ ಕೋಲಿನಲ್ಲಿ, ಅವಸರವಿಲ್ಲದೆ ಇಳಿಯುತ್ತಿತ್ತು. ಗೇತಾನ್ ರಾಣಿಯ ಉಳಿದ ಆಯುಸ್ಸಿನ ಲೆಕ್ಕ ಹೇಳುತ್ತಿದ್ದ, ಓಟಿಸ್ ಬೈಯುತ್ತಿದ್ದ, ರಾಣಿ ಬತ್ತುತ್ತಿದ್ದಳು, ಬೂದಿ ನಿಂತಿತು. ಎಸ್ಕೊ ತಿರುಗಿದ. ತಿರುಗಿದ್ದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಇಡೀ ಮೈ ಎಡಕ್ಕೆ ಹೊರಳಿತು, ಭುಜ ಮುಂದಾಯಿತು, ಗಾಳಿಗೆ ಎದೆಯೊಡ್ಡಿದವನ ಹಾಗೆ ಕಣ್ಣು ಕಿರಿದಾಯಿತು. ಗಂಟೆ ಹೊಡೆಯಿತು. ಯೋಧ ಮೆಟ್ಟಿಲಿಗೆ ಹಣೆ ಹಚ್ಚಿ ಬಿದ್ದ. ಒಬ್ಬೊಬ್ಬರಾಗಿ ಎಲ್ಲರೂ ಬಿದ್ದರು.

"ನೋಡಿದ್ರಾ," ಎಂದ ಎಸ್ಕೊ. "ಈಗ ಎಲ್ಲರೂ ನೋಡಿದ್ರಲ್ಲ. ಬೂದಿ ನಿಂತ ಕೂಡಲೇ ತಿರುಗಿದ್ದೆ."

ಉತ್ತರ ಕಿವಿಯೊಳಗಿಂದ ಬರಲಿಲ್ಲ, ಮೇಜಿನ ಆ ತುದಿಯಿಂದ ಬಂತು. ಡೋರೀನ್ ತನ್ನ ಮೈಕು ಮುಚ್ಚಿದ್ದಳು. ಇವನದನ್ನೂ ಮುಚ್ಚುವಂತೆ ಬೆರಳಲ್ಲಿ ಸನ್ನೆ ಮಾಡಿದಳು.

"ತಿರುಗಿದ್ರಿ, ಕ್ಯಾಪ್ಟನ್," ಎಂದಳು. "ನಾನು ನೋಡ್ದೆ. ನೀವು ಹೇಗೆ ಕೂತಿದೀರಿ ನೋಡ್ಕೊಳ್ಳಿ."

ಅವನು ನೋಡಿಕೊಂಡ. ಕುರ್ಚಿಯ ಸಮೇತ ಎಡಗೋಡೆಗೆ ಮುಖ ಮಾಡಿ ಕೂತಿದ್ದ. ಎದುರಿಗೆ ಬಟ್ಟೆ ಒಗೆಯುವ ಯಂತ್ರ, ಅದರ ಮೇಲೆ ಇರ್ಯಾಳ ಒಣಗಿದ ಕೈಗವಸುಗಳು. ಎಡಗೈಯ ಬೆರಳು ಯೋಧನನ್ನು ತಿರುಗಿಸುವ ಕೀಲಿಯ ಮೇಲೆಯೇ ಇತ್ತು, ಹಗುರಾಗಿ, ಇನ್ನೂ ಒತ್ತದೆ.

"ನೀವು ತಿರುಗ್ತೀರಿ, ನಿಮ್ಮ ಯೋಧ ತಿರುಗಲ್ಲ," ಎಂದಳು ಡೋರೀನ್. ನಗರದ ಬಸ್ಸು ಓಡಿಸುವವಳು; ಹಿಂದಿನ ಸೀಟಿನಲ್ಲಿ ಏನಾಗುತ್ತಿದೆಯೆಂದು ತಲೆ ತಿರುಗಿಸದೆ ನೋಡುವ ಕಣ್ಣು. "ಮಷೀನು ಸರಿಯಾಗೇ ಇದೆ. ಬೆರಳು ಬರ್ತಾ ಇದೆ, ಸ್ವಲ್ಪ ಹಿಂದಿಂದ ಬರ್ತಾ ಇದೆ."

"ಎಷ್ಟು ದಿನದಿಂದ ನೋಡ್ತಿದೀಯ?"

"ಕೆರೆ ಹೆಪ್ಪುಗಟ್ಟೋಕ್ಕೆ ಮುಂಚಿಂದ."

ಇಲ್ಲಿಯವರು ಊರ ಪಕ್ಕದ ಮಹಾಸರೋವರವನ್ನು ಕೆರೆ ಎಂದೇ ಕರೆಯುತ್ತಾರೆ. ಎಸ್ಕೊ ಅದರ ಮೇಲಿನ ಮಂಜುಗಡ್ಡೆಯನ್ನು ಯೋಚಿಸಿದ. ದಡದ ಹತ್ತಿರ ನೀಲಿ, ದೂರದಲ್ಲಿ ಬಿಳಿ. ಇಡೀ ಚಳಿಗಾಲ ಒಂದು ಜೊತೆ ಕಣ್ಣು ತನ್ನ ಕೈಯನ್ನೇ ನೋಡುತ್ತಿತ್ತು.

"ಇನ್ನೊಂದು ವಿಷಯ," ಎಂದಳು ಡೋರೀನ್. ಬನ್ನಿನ ಗುಲಾಬಿ ಸಕ್ಕರೆ ಅವಳ ಹೆಬ್ಬೆರಳಿಗೆ ಅಂಟಿತ್ತು, ಅದನ್ನೇ ನೋಡುತ್ತ ಹೇಳಿದಳು. "ಚಾವಡೀಲಿ ಒಬ್ಬಳು ಬರೆದಿದ್ಲಲ್ಲ, ಹೆಸರಿಲ್ಲದೆ. ನಮ್ಮಲ್ಲೊಬ್ಬ ಹಿರೀರಿದ್ದಾರೆ, ಅವರ ಕೈ ನಿಧಾನ ಆಗಿದೆ, ಕೊನೆ ನೋಡದೆ ಅವರು ಹೋಗೋದು ಬೇಡ, ರಾಣೀನ ಸ್ವಲ್ಪ ಇಳಿಸಿ ಅಂತ."

ನೆನಪಿತ್ತು. ಆ ಬರಹಕ್ಕೆ ನೂರಾರು ಜನ ಹೌದು ಹೌದು ಎಂದಿದ್ದರು. ಕೆಳಗೆ ಎಸ್ಕೊ ಉತ್ತರ ಬರೆದಿದ್ದ, ಆ ಚಾವಡಿಯಲ್ಲಿ ಅವನು ಬರೆದ ಅತಿ ಚಿಕ್ಕ ಉತ್ತರ: ನಿಮ್ಮ ಹಿರಿಯರಿಗೆ ಉಣ್ಣೆ, ಹೆಣಿಗೆಯ ಸೂಜಿ ಕೊಡಿಸಿ. ಅದಕ್ಕೂ ಕೆಲವರು ನಕ್ಕಿದ್ದರು. ಆ ನಗೆಗಳನ್ನು ಅವನು ಎಣಿಸಿದ್ದ.

"ನೀನು," ಎಂದ.

"ನಾನು."

"ನನ್ನ ಬಗ್ಗೆ."

"ಇನ್ಯಾರ ಬಗ್ಗೆ ಬರೀಲಿ, ಮೇಯರ್ ಬಗ್ಗೆನಾ?"

ಅವಳ ದನಿ ಗಟ್ಟಿಯಾಗಿತ್ತು, ಕಣ್ಣು ಆಗಿರಲಿಲ್ಲ. ಎಸ್ಕೊನ ಕಿವಿ ಬಿಸಿಯಾಯಿತು. ಬಸ್ಸಿನಲ್ಲಿ ಕೇಳದೆಯೇ ಸೀಟು ಬಿಟ್ಟುಕೊಟ್ಟ ಹುಡುಗಿಯೊಬ್ಬಳ ಮೇಲೆ ಹಿಂದೊಮ್ಮೆ ಬಂದ ಸಿಟ್ಟು ಅದೇ ರುಚಿಯಲ್ಲಿ ನಾಲಗೆಗೆ ಬಂತು. ಅವನಿಗಾಗಿ ರಾಣಿಯ ಬಲ ಇಳಿಸುತ್ತಿದ್ದರು. ಅವನು ಕೊಲ್ಲಲೆಂದು, ಮುದುಕನ ತಟ್ಟೆಯಲ್ಲಿ ಮಾಂಸ ಕತ್ತರಿಸಿಡುವ ಹಾಗೆ, ಅವಳನ್ನು ಕತ್ತರಿಸಿಡುತ್ತಿದ್ದರು. ಮೆಟ್ಟಿಲ ಮೇಲೆ ಗಲ್ಲಕ್ಕೆ ಕೈಯಿಟ್ಟು ಕೂತಿದ್ದ ಆ ಮುಖದ ಮೇಲೆ ಅವನಿಗೆ ಇದ್ದಕ್ಕಿದ್ದಂತೆ ಅಕ್ಕರೆ ಉಕ್ಕಿತು. ಇಷ್ಟು ಕಾಲ ತನಗೆ ಒಂದಿಷ್ಟೂ ರಿಯಾಯಿತಿ ತೋರದೆ ಇದ್ದವಳು ಅವಳೊಬ್ಬಳೇ. ಅಪ್ಪನ ಟ್ರಕ್ಕಿನ ವೈಪರು ಮತ್ತೆ ಗಾಜಿನ ಮೇಲೆ ಆಚೆ ಈಚೆ ಮಾಡುತ್ತಿತ್ತು. ಅಪ್ಪ ಮಾತಾಡದಿದ್ದದ್ದು ನಾಚಿಕೆಯಿಂದ ಎಂದು ಐವತ್ತು ವರ್ಷ ನಂಬಿದ್ದ. ಆ ದಿನ ಹುಡುಗ ಬೆಂಚಿನ ಮೇಲೆ ಕೊನೆಯವರೆಗೂ ಕೂತಿದ್ದ, ಅಳಲಿಲ್ಲ, ಎದ್ದು ಹೋಗಲಿಲ್ಲ, ತನ್ನ ಜಾಗದಲ್ಲಿ ನಿಂತವನಿಗೆ ಚಪ್ಪಾಳೆ ತಟ್ಟಿದ್ದ. ಅಪ್ಪನಿಗೆ ಅದಕ್ಕೆ ಹೇಳುವ ಮಾತು ಸಿಕ್ಕಿರಲಿಲ್ಲವೇನೋ.

ಎಸ್ಕೊ ಕುರ್ಚಿಯನ್ನು ಮೇಜಿಗೆ ತಿರುಗಿಸಿ ಮೈಕು ತೆರೆದ.

"ಒಂದೇ ದಿನ," ಎಂದ. "ಒಂದೇ ಜಾಗ. ಎರಡು ಸಲ. ಮಷೀನುಗಳದ್ದಲ್ಲ, ನನ್ನದೇ ತಪ್ಪು. ಬೇಸಿಗೆಯಿಂದ ನನ್ನದೇ. ನಾನು ಬೆಂಚಿಗೆ."

"ಏನ್ ಕ್ಯಾಪ್ಟನ್, ತಮಾಷೇನಾ," ಎಂದ ಗೇತಾನ್. "ಆ ಕಟ್ಟಳೆ ನಮ್ಮಂಥ ಬಡಪಾಯಿಗಳಿಗೆ."

"ಕಟ್ಟಳೆ ಹಾಕಿದವನು ನಾನು."

"ಇವತ್ತು ಕೊನೇ ಭಾನುವಾರ," ಎಂದ ಓಟಿಸ್, ಮೆಲ್ಲಗೆ. "ನೀವಿಲ್ದೆ ಅವಳನ್ನ ಕೆಡವಿದರೆ ಅದು ಏನು ಚೆಂದ."

"ಚೆಂದ ಇರುತ್ತೆ. ಡೋರೀನ್ ಢಾಲು ಹಿಡೀತಾಳೆ. ಢಾಲಿನವಳು ಇನ್ನೊಬ್ಬಳನ್ನ ಆಟದಲ್ಲಿ ಬೇರೆಯಾಗಿ ಬೆಳೆಸಿಟ್ಟಿದಾಳೆ, ಗೊತ್ತು ನನಗೆ. ನಾನೂ ನೋಡ್ತಿರ್ತೀನಿ."

ಡೋರೀನ್ ತಲೆಯೆತ್ತಿದಳು. ಅವಳು ಅದನ್ನು ಬಚ್ಚಿಟ್ಟಿದ್ದಳು. ಅವನ ಜಾಗಕ್ಕೆ ಕಣ್ಣು ಹಾಕಿದಂತಾಗುತ್ತದೆಂದು ಯಾರಿಗೂ ಹೇಳಿರಲಿಲ್ಲ. ಆಟದಿಂದ ಹೊರಬಂದು, ತನ್ನ ಇನ್ನೊಬ್ಬ ಯೋಧೆಯಾಗಿ ಒಳಗೆ ಬಂದಳು: ಎತ್ತರದ ಹೆಂಗಸು, ಬೆಳ್ಳಿಯ ಬಣ್ಣದ ಸಾಧಾರಣ ಢಾಲು. ಎಸ್ಕೊನ ಢಾಲು ಅದಕ್ಕಿಂತ ಗಟ್ಟಿ, ಆದರೆ ಅಂಥವು ಗೆದ್ದವನಿಗೇ ಅಂಟಿಕೊಳ್ಳುವಂಥವು, ಬೇರೆಯವರಿಗೆ ಕೊಡಲು ಬರುವುದಿಲ್ಲ. ಕೊಡಲು ಬರುತ್ತಿದ್ದರೆ ಕೊಡುತ್ತಿದ್ದ. ಅವನ ಯೋಧ ಅಂಗಳ ದಾಟಿ, ಒಣ ಕಾರಂಜಿ ಬಳಸಿ, ಬೆಂಚಿನ ಮೇಲೆ ಕೂತ. ಅದು ತಣ್ಣಗಿರಬೇಕೆಂದು ಎಸ್ಕೊನಿಗೆ ಅನ್ನಿಸಿತು. ಎಂಟು ಜನ ಒಳಗೆ ಹೋದರು. ಬಾಗಿಲು ಮುಚ್ಚಿತು.

ಅವನ ಪರದೆಯಲ್ಲಿ ಈಗ ಮುಚ್ಚಿದ ಬಾಗಿಲು ಬಿಟ್ಟು ಬೇರೇನಿಲ್ಲ. ಡೋರೀನಳ ಪರದೆಯ ಬೆನ್ನು ಮಾತ್ರ ಅವನತ್ತ ಇತ್ತು; ಎದ್ದು ಹೋಗಿ ನೋಡಬಹುದಿತ್ತು, ಹೋಗಲಿಲ್ಲ. ಅವಳ ಮುಖ ನೋಡಿದ. ಗೇತಾನ್ ಲೆಕ್ಕ ಹೇಳತೊಡಗಿದ, ಓಟಿಸ್ ಬೈಯತೊಡಗಿದ. ಬಲಗೈ, ಎಡಗೈ, ತಲೆ ಬಾಗಿಸಿದಳು, ಏನೂ ಇಲ್ಲ. ಕಿವಿಯಲ್ಲೇ ಎಲ್ಲವೂ ಕಾಣುತ್ತಿತ್ತು. ಅರ್ಧ. ಅರ್ಧದ ಅರ್ಧ. ಎಂಟೇ ಜನ ಎಂದು ಯಾರೋ ಗೊಣಗಿದರು, ಯಾರೋ ಒಬ್ಬರು ಬಿದ್ದರು, ಗೇತಾನ್ ಎಬ್ಬಿಸಿದ. ಮಾತುಗಳು ವಿರಳವಾದವು. ಹಡಗಿನ ಹೊಟ್ಟೆಯ ಸದ್ದು ಒಂದು ಎಳೆ ತೆಳ್ಳಗಾಯಿತು. ಈಗ, ಎಂಬ ಪದ ಅವನ ಗಂಟಲಿಗೆ ಬಂದು ನಿಂತಿತು. ಬೆಂಚಿನಲ್ಲಿ ಕೂತವನು ಬಾಯಿ ಬಿಡುವಂತಿಲ್ಲ, ಅವನು ಹಲ್ಲು ಕಚ್ಚಿದ, ಅವನ ಮೈ ಕುರ್ಚಿಯ ಸಮೇತ ಎಡಕ್ಕೆ ಹೊರಳಿತು. ಡೋರೀನ್ ಅಲುಗಲಿಲ್ಲ. ಅವಳ ಭುಜ, ಕತ್ತು, ರೆಪ್ಪೆ, ಯಾವುದೂ ಅಲುಗಲಿಲ್ಲ. ಒಂದು ಬೆರಳು, ಗುಲಾಬಿ ಸಕ್ಕರೆ ಅಂಟಿದ ಬೆರಳಿನ ಪಕ್ಕದ್ದು, ಕೆಳಗಿಳಿದು ಮೇಲೆ ಬಂತು. ಆಮೇಲೆ ಗಂಟೆ ಹೊಡೆಯಿತು.

ಬಿರುಗಾಳಿ ಬಂದು ಹೋಯಿತು. ಯಾರೂ ಸತ್ತ ಸದ್ದಿಲ್ಲ. ಆಮೇಲೆ ಬಹಳ ಹೊತ್ತು, ಅಥವಾ ಬಹಳ ಹೊತ್ತೆನಿಸಿದಷ್ಟು ಹೊತ್ತು, ಕೀಲಿಗಳ ಟಕಟಕ ಮಾತ್ರ. ಅದೂ ನಿಂತಿತು.

"ಬಿದ್ಲು," ಎಂದ ಓಟಿಸ್. ನಂಬಿಕೆಯಿಲ್ಲದವನಂತೆ ಮತ್ತೊಮ್ಮೆ ಹೇಳಿದ. "ಬಿದ್ಲು ಕಣ್ರೋ. ಪೂರ್ತಿ ಬಲದಲ್ಲಿದ್ದವಳು ಬಿದ್ಲು."

ಎಸ್ಕೊನ ಎದೆಯಲ್ಲಿ ಏನೋ ದೊಡ್ಡದು ಎದ್ದು ನಿಂತಿತು. ಹೊಟ್ಟೆಕಿಚ್ಚು ಇರಬಹುದೆಂದು ಹುಡುಕಿದ. ಮೂಲೆಯಲ್ಲಿ ಒಂದು ಚೂರು ಇತ್ತು ಸಹ. ಉಳಿದದ್ದೆಲ್ಲ ಬೇರೆ. ಎಂಟು ಜನ, ಬಾಗಿಲಿನಿಂದ ಹೋದವರು, ಅವನು ಕಲಿಸಿದವರು. ಬಾಗಿಲು ತೆರೆಯಿತು. ಅವರು ಹೊರಗೆ ಬಂದರು, ಒಬ್ಬೊಬ್ಬರ ತಲೆಯ ಮೇಲೂ ಹೊಸ ಬಿರುದು ಬಂಗಾರದ ಅಕ್ಷರದಲ್ಲಿ ಹೊಳೆಯುತ್ತಿತ್ತು: ರಾಣಿಯನ್ನು ಇಳಿಸಿದವರು. ಬೆಂಚಿನಲ್ಲಿ ಕೂತವನ ತಲೆಯ ಮೇಲೆ ಹೆಸರಷ್ಟೇ ಇತ್ತು. ಗೇತಾನ್ ನೆಟ್ಟಗೆ ಬಂದು ಬೆಂಚಿನ ಮೇಲೆ ಕೂತ. ಹಳೆಯ ಆಟದಲ್ಲಿ ಆ ಬೆಂಚಿಗೆ ಒಬ್ಬರಿಗೇ ಜಾಗ, ಹಾಗಾಗಿ ವೈದ್ಯ ಯೋಧನ ಮೈಯೊಳಗೇ ತೂರಿಕೊಂಡ, ಇಬ್ಬರೂ ಸೇರಿ ಎರಡು ತಲೆಯ ಒಂದು ವಿಚಿತ್ರ ಪ್ರಾಣಿಯಾದರು.

"ನಿಮ್ಮ ತೊಡೆ ಮೇಲೆ ಕೂತಿದೀನಿ, ಕ್ಯಾಪ್ಟನ್," ಎಂದ. ಅವನ ದನಿ ಒದ್ದೆಯಾಗಿತ್ತು. "ಹೆಂಡ್ತಿಗೆ ಹೇಳ್ಬೇಡಿ."

ಎಸ್ಕೊ ನಕ್ಕ. ಬಹಳ ದಿನದ ಮೇಲೆ, ಹೊಟ್ಟೆಯಿಂದ.

ಎಲ್ಲರೂ ವಿದಾಯ ಹೇಳಿ ಒಬ್ಬೊಬ್ಬರಾಗಿ ಆರಿಹೋದ ಮೇಲೆ ಡೋರೀನ್ ಲ್ಯಾಪ್‌ಟಾಪ್ ಮಡಿಸಿ ಚೀಲಕ್ಕೆ ಹಾಕಿದಳು. ಕೋಟು ತೊಟ್ಟು, ಗುಂಡಿ ಹಾಕದೆ ನಿಂತಳು.

"ಮಂಗಳವಾರ ಸಂಜೆ ಬರ್ತೀನಿ. ಅವಳು ಮೆತ್ತಗಾಗಿರ್ತಾಳೆ. ನಿಮ್ಮ ಬೆರಳು ಎಷ್ಟು ಹೊತ್ತಿಗೆ ಬಂದ್ರೂ ನಡೆಯುತ್ತೆ. ನಿಮಗೂ ಬಿರುದು ಸಿಗುತ್ತೆ."

"ಬೇಡ," ಎಂದ ಎಸ್ಕೊ.

"ಜಂಭ."

"ಹೌದು." ಅವನು ಆ ಪದವನ್ನು ಒಂದು ಕ್ಷಣ ಬಾಯಲ್ಲಿಟ್ಟುಕೊಂಡು ನೋಡಿದ; ಅದು ಕಹಿಯಾಗಿರಲಿಲ್ಲ. "ಅವಳು ನನಗೆ ಸೋತುಕೊಡೋದು ನನಗೆ ಬೇಡ. ನೀನು ಬರೆದದ್ದು ಒಳ್ಳೇ ಮನಸ್ಸಿಂದ ಬರೆದದ್ದು. ನಾನು ಕೊಟ್ಟ ಉತ್ತರ ಕೆಟ್ಟದ್ದು. ಬರೋ ಭಾನುವಾರ ಬಾ, ಹೊಸಬರನ್ನ ಹುಡುಕೋಣ. ನಿಲ್ಲೋದು ಹೇಗಂತ ಕಲಿಸೋನು ಬೇಕಲ್ಲ."

"ಉಣ್ಣೆ ತರ್ಲಾ? ಸೂಜಿ?"

"ಬೂದು ಬಣ್ಣದ್ದು ತಾ."

ಅವಳು ಡಬ್ಬದಲ್ಲಿ ಉಳಿದ ಒಂದು ಬನ್ನನ್ನು ಅವನ ಕೀಲಿಮಣೆಯ ಪಕ್ಕ ಇಟ್ಟು ಮೆಟ್ಟಿಲು ಹತ್ತಿದಳು. ಎಸ್ಕೊ ಪರದೆಯ ಕಡೆ ನೋಡಿದ. ಅಂಗಳದಲ್ಲಿ ಯಾರೂ ಇರಲಿಲ್ಲ. ಅವನ ಯೋಧ ಬೆಂಚಿನ ಮೇಲೆ ಬೆನ್ನು ನೆಟ್ಟಗಿಟ್ಟು ಕೂತಿದ್ದ, ಬಿರುದಿಲ್ಲದ ತಲೆಯೆತ್ತಿ. ಮೇಲೆ ಅಡಿಗೆಮನೆಯ ನೆಲ ದಾಟುವ ಬೂಟಿನ ಸದ್ದು, ಚೀಲ ಹೆಗಲಿಗೇರಿದ ಸದ್ದು, ಆಮೇಲೆ, ಬೂದಿ ನಿಂತ ಹಾಗೆ, ಏನೂ ಇಲ್ಲದ ಒಂದು ಕ್ಷಣ. ಆ ಕ್ಷಣದಲ್ಲಿ ಎಸ್ಕೊನ ಮೈ ಕುರ್ಚಿಯ ಸಮೇತ ಅವಳು ಹೋದ ದಿಕ್ಕಿಗೆ ತಿರುಗಿತು, ತಡವಾಗದೆ, ಬಾಗಿಲ ಸದ್ದಿಗೆ ಮೊದಲೇ. ಆಮೇಲೆ ಬಾಗಿಲು ಮುಚ್ಚಿತು.